ಧ್ವನಿಪೆಟ್ಟಿಗೆಯ ಟಿಬಿ: ದನಿ ಕೂತ ದಿನದಿಂದ ಕೊನೆಯ ಮಾತ್ರೆಯ ತನಕ

ನನಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. "ಮೂರು ತಿಂಗಳಿಂದ ದನಿ ಕೂತಿದೆ, ನಾಲ್ಕು ಸಲ ಆಂಟಿಬಯಾಟಿಕ್ ಆಯ್ತು." "ಬಯಾಪ್ಸಿ ಮಾಡಿಸಿದ್ವಿ, ಗ್ರ್ಯಾನುಲೋಮಾ (ಉರಿಯೂತದ ಜೀವಕೋಶಗಳ ಸಣ್ಣ ಗುಂಪು) ಅಂತ ಬಂದಿದೆ, ಟಿಬಿ ಹೌದೋ ಅಲ್ವೋ ಯಾರೂ ಹೇಳ್ತಿಲ್ಲ." "ಮಾತ್ರೆ ಶುರು ಮಾಡಿ ತಿಂಗಳಲ್ಲೇ ದನಿ ಬಂತು, ಇನ್ನು ನಿಲ್ಲಿಸಬಹುದಾ?"

ಇವರಲ್ಲಿ ಯಾರೂ ಸುಮ್ಮನೆ ಕೂತವರಲ್ಲ. ಓಡಾಡಿದ್ದಾರೆ, ಹಣ ಖರ್ಚು ಮಾಡಿದ್ದಾರೆ. ಆದರೆ ಕೊನೆಗೆ ಮಾಡಬೇಕಾದ್ದನ್ನು ಮೊದಲು ಮಾಡಿದ್ದಾರೆ, ಇಲ್ಲವೇ ಅರ್ಧಕ್ಕೆ ಬಿಟ್ಟಿದ್ದಾರೆ. ಈ ಕಾಯಿಲೆಗೆ ಔಷಧಿ ಇದೆ, ಅದೂ ಸರ್ಕಾರದಿಂದ ಪುಕ್ಕಟೆ. ಕಷ್ಟ ಇರುವುದು ಅಲ್ಲಿಗೆ ತಲುಪುವ ದಾರಿಯಲ್ಲಿ. ಆ ದಾರಿಯನ್ನು ಹಂತ ಹಂತವಾಗಿ ಬರೆದಿದ್ದೇನೆ. ರೋಗಿಗೂ ಮನೆಯವರಿಗೂ ಅರ್ಥವಾಗಲಿ ಅಂತ ಬರೆದದ್ದು. ಹೊಸದಾಗಿ ಪ್ರಾಕ್ಟೀಸ್ ಶುರು ಮಾಡಿದ ಡಾಕ್ಟರುಗಳು ಓದಿದರೂ ನಷ್ಟವಿಲ್ಲ.

ಎಲ್ಲಕ್ಕಿಂತ ಮೊದಲು: ಇವು ಇದ್ದರೆ ಓದುತ್ತಾ ಕೂರಬೇಡಿ

ಉಸಿರು ಎಳೆಯುವಾಗ ಕೀರಲು ಸದ್ದು ಬರುತ್ತಿದೆ. ಮಲಗಿದರೆ ಉಸಿರು ಕಟ್ಟುತ್ತದೆ, ಎದ್ದು ಕೂರಬೇಕು. ಎಂಜಲು ಕೂಡ ನುಂಗಲಾಗದೆ ಬಾಯಿಂದ ಸೋರುತ್ತಿದೆ. ಕೆಮ್ಮಿದಾಗ ಬಾಯಿತುಂಬ ರಕ್ತ ಬರುತ್ತಿದೆ. ತುಟಿ ನೀಲಿಗಟ್ಟಿದೆ.

ಇವುಗಳಲ್ಲಿ ಒಂದು ಇದ್ದರೂ ಆಮ್ಲಜನಕ, ಅರಿವಳಿಕೆ ತಜ್ಞರು, ಇಎನ್‌ಟಿ ಸರ್ಜನ್ ಮೂರೂ ಇರುವ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. 108ಕ್ಕೆ ಫೋನ್ ಮಾಡಿ. ಊತದಿಂದ ಗಾಳಿಯ ದಾರಿ ಮುಚ್ಚುತ್ತಾ ಬಂದರೆ ಕತ್ತಿನಲ್ಲಿ ತೂತು ಮಾಡಿ ನಳಿಕೆ ಇಡಬೇಕಾಗಬಹುದು. ಹೆದರಬೇಡಿ, ಅದು ಸಾಮಾನ್ಯವಾಗಿ ತಾತ್ಕಾಲಿಕ. ತಡ ಮಾಡುವುದೇ ಅದಕ್ಕಿಂತ ದೊಡ್ಡ ಅಪಾಯ.

ಕೈಯಲ್ಲಿ ಏನೇನು ಇರಬೇಕು

ಒಂದು ಸಣ್ಣ ನೋಟ್‌ಬುಕ್ ಸಾಕು. ದನಿ ಕೆಟ್ಟ ದಿನ ಯಾವುದು, ಇವತ್ತಿನ ತೂಕ ಎಷ್ಟು, ಇಲ್ಲಿಯವರೆಗೆ ನುಂಗಿದ ಮಾತ್ರೆಗಳ ಹೆಸರೇನು, ಬರೆದಿಡಿ. ಹೆಸರು ಗೊತ್ತಿಲ್ಲ ಅಂದ್ರೆ ಖಾಲಿ ಸ್ಟ್ರಿಪ್ಪುಗಳನ್ನೇ ಕವರಿಗೆ ಹಾಕಿಕೊಂಡು ಹೋಗಿ. ಹಳೆಯ ಎಕ್ಸ್‌ರೇ ಇದ್ದರೆ ಅದೂ ಇರಲಿ. ಹಿಂದೆ ಟಿಬಿ ಔಷಧಿ ತೆಗೆದುಕೊಂಡಿದ್ದರೆ ಮುಚ್ಚಿಡಬೇಡಿ. ಈ ಒಂದು ಮಾತು ಗೊತ್ತಿಲ್ಲದಿದ್ದರೆ ಟೆಸ್ಟ್ ಫಲಿತಾಂಶದ ಅರ್ಥವೇ ಬದಲಾಗುತ್ತದೆ. ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ ಯಾಕೆ ಬೇಕು ಅಂತ ಮುಂದೆ ಹೇಳುತ್ತೇನೆ.

ಆಸ್ಪತ್ರೆಗೆ ಹೋಗುವಾಗ ಮಾಸ್ಕ್ ಹಾಕಿಕೊಳ್ಳಿ. ಧ್ವನಿಪೆಟ್ಟಿಗೆಯ ಟಿಬಿ ಬೇರೆಯವರಿಗೆ ಸುಲಭವಾಗಿ ಹರಡುತ್ತದೆ. ಗಾಯ ಗಾಳಿಯ ದಾರಿಯಲ್ಲೇ ಇರುತ್ತದೆ, ಹಾಗಾಗಿ ಕೆಮ್ಮು ಮಾತ್ರವಲ್ಲ, ಮಾತಿನ ಜೊತೆಗೂ ಕ್ರಿಮಿ ಹೊರಬರುತ್ತದೆ.

ಹಂತ 1: ದಿನ ಎಣಿಸಿ

ನೆಗಡಿಯಿಂದ ಕೂತ ದನಿ ಸಾಮಾನ್ಯವಾಗಿ ಎರಡು ವಾರದೊಳಗೆ ಸರಿಹೋಗುತ್ತದೆ. ಮೂರು ವಾರ ದಾಟಿತೆಂದರೆ ಕಾರಣ ಏನೇ ಇರಲಿ, ಧ್ವನಿಪೆಟ್ಟಿಗೆಯ ಒಳಗೆ ಕಣ್ಣಾರೆ ನೋಡಲೇಬೇಕು. ಬಾಯಿ ತೆರೆಸಿ ಟಾರ್ಚ್ ಬಿಟ್ಟರೆ ಕಾಣುವುದು ಗಂಟಲಿನ ಹಿಂಗೋಡೆ. ಧ್ವನಿಪೆಟ್ಟಿಗೆ ಅದರ ಕೆಳಗಿದೆ. "ಟಾರ್ಚ್ ಹಾಕಿ ನೋಡಿದ್ರು, ಏನೂ ಇಲ್ಲ ಅಂದ್ರು" ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ.

ಟಿಬಿಯ ಕಡೆ ಬೆರಳು ತೋರಿಸುವ ಸಂಗತಿಗಳು ಕೆಲವಿವೆ. ನುಂಗುವಾಗ ನೋವು, ಅದು ಕಿವಿಗೂ ಹೊಡೆಯುವುದು. ಸಂಜೆ ಹೊತ್ತು ಮೈ ಬೆಚ್ಚಗಾಗುವುದು. ರಾತ್ರಿ ಬೆವರು. ಬೆಲ್ಟಿನ ತೂತು ಒಂದೊಂದೇ ಒಳಗೆ ಹೋಗುವುದು. ಎರಡು ವಾರ ಮೀರಿದ ಕೆಮ್ಮು. ಮನೆಯಲ್ಲಿ ಯಾರಿಗಾದರೂ ಟಿಬಿ ಆಗಿರುವುದು. ಸಕ್ಕರೆ ಕಾಯಿಲೆ, ಎಚ್‌ಐವಿ, ಬೀಡಿ, ಕುಡಿತ ಇದ್ದರೆ ಅನುಮಾನ ಜಾಸ್ತಿಯಾಗಲಿ.

ಇಲ್ಲಿ ಆಗುವ ತಪ್ಪು: ಜ್ವರವಿಲ್ಲ, ಕೆಮ್ಮಿಲ್ಲ, ಹಾಗಾಗಿ ಟಿಬಿ ಇರಲಾರದು ಅಂದುಕೊಳ್ಳುವುದು. ದನಿ ಕೂತದ್ದನ್ನು ಬಿಟ್ಟರೆ ಬೇರೆ ಏನೂ ಇಲ್ಲದ ರೋಗಿಗಳೂ ಇರುತ್ತಾರೆ.

ಹಂತ 2: ಟೆಸ್ಟಿಗೆ ಮುಂಚೆ ಮೂರು ಔಷಧಿಗಳಿಂದ ದೂರ ಇರಿ

ಎಲ್ಲರೂ ಜಾರುವ ಜಾಗ ಇದು, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮೊದಲನೆಯದು ಸ್ಟಿರಾಯ್ಡ್. ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್ ಎಂಬ ಹೆಸರುಗಳಲ್ಲಿ ಸಿಗುತ್ತದೆ. ಊತ ಇಳಿಯುತ್ತದೆ, ನಾಲ್ಕೇ ದಿನದಲ್ಲಿ ದನಿ ಬಂದ ಹಾಗಾಗುತ್ತದೆ. ಎಲ್ಲರಿಗೂ ಖುಷಿ. ಆದರೆ ದೇಹದ ಕಾವಲನ್ನು ಅದು ಕುಗ್ಗಿಸಿರುತ್ತದೆ, ಒಳಗೆ ಟಿಬಿ ಹಬ್ಬುತ್ತದೆ.

ಎರಡನೆಯದು ಲಿವೋಫ್ಲಾಕ್ಸಾಸಿನ್, ಮಾಕ್ಸಿಫ್ಲಾಕ್ಸಾಸಿನ್‌ನಂಥ ಆಂಟಿಬಯಾಟಿಕ್‌ಗಳು. ಇವು ಟಿಬಿ ಕ್ರಿಮಿಯನ್ನೂ ಒಂದಿಷ್ಟು ಹೊಡೆಯುತ್ತವೆ, ಆದರೆ ಪೂರ್ತಿ ಕೊಲ್ಲುವುದಿಲ್ಲ. ಪರಿಣಾಮ ಎರಡು. ಕಫದ ಟೆಸ್ಟ್ ಸುಳ್ಳು ನೆಗೆಟಿವ್ ಬರಬಹುದು. ಕ್ರಿಮಿ ಆ ಔಷಧಿಗೆ ಒಗ್ಗಿಹೋಗಬಹುದು. ಔಷಧಿಗೆ ಬಗ್ಗದ ಟಿಬಿಗೆ ನಾಳೆ ಇದೇ ಗುಂಪಿನ ಮಾತ್ರೆಗಳು ಬೇಕಾಗುತ್ತವೆ. ಸುಮ್ನೆ ಹಾಳು ಮಾಡಿಕೊಳ್ಳುವುದು ಯಾಕೆ?

ಮೂರನೆಯದು ಅಸಿಡಿಟಿ ಮಾತ್ರೆ. ಅದರಿಂದ ನೇರ ಹಾನಿಯಿಲ್ಲ, ಕಾಲ ಹಾನಿ ಇದೆ. ಹೊಟ್ಟೆಯ ಹುಳಿ ಮೇಲೆ ಬಂದರೂ ಧ್ವನಿಪೆಟ್ಟಿಗೆಯ ಹಿಂಭಾಗ ಕೆಂಪಾಗುತ್ತದೆ. ಟಿಬಿಯ ಆರಂಭದಲ್ಲೂ ಅದೇ ಜಾಗ ಕೆಂಪಾಗಬಹುದು. ನಾನು ನೋಡಿದ ಒಬ್ಬ ಮೇಷ್ಟ್ರು ಐದು ತಿಂಗಳು ಅಸಿಡಿಟಿ ಮಾತ್ರೆ ನುಂಗಿದ್ದರು. ಪಾಠ ಮಾಡಿ ಮಾಡಿ ದನಿ ಹೋಗಿದೆ ಅಂತ ಶಾಲೆಯಲ್ಲಿ ಎಲ್ಲರೂ ನಂಬಿದ್ದರು, ಅವರೂ ನಂಬಿದ್ದರು. ಅಷ್ಟು ದಿನವೂ ಅದೇ ಮಕ್ಕಳ ಮುಂದೆ ನಿಂತು ಪಾಠ ಮಾಡಿದ್ದರು.

ಹಂತ 3: ಗಂಟಲಿಗಿಂತ ಮೊದಲು ಎದೆ ನೋಡಿಸಿ

ದನಿಯ ತೊಂದರೆಗೆ ಎದೆಯ ಎಕ್ಸ್‌ರೇ ಯಾಕೆ ಅಂತ ಕೇಳುತ್ತಾರೆ. ಧ್ವನಿಪೆಟ್ಟಿಗೆಗೆ ಟಿಬಿ ಬಂದವರಲ್ಲಿ ಬಹಳಷ್ಟು ಜನರ ಶ್ವಾಸಕೋಶದಲ್ಲೂ ಅದು ಇರುತ್ತದೆ. ಕಫದಲ್ಲೇ ಕ್ರಿಮಿ ಸಿಕ್ಕಿಬಿಟ್ಟರೆ ರೋಗಪತ್ತೆ ಎಷ್ಟೋ ಹಗುರವಾಗುತ್ತದೆ. ಎಕ್ಸ್‌ರೇ ಮತ್ತು ಕಫ ಪರೀಕ್ಷೆ ಎರಡೂ ಆಗಲಿ, ಒಂದರ ಬದಲು ಇನ್ನೊಂದಲ್ಲ.

ಕಫ ಕೊಡುವುದು ಹೀಗೆ:

1. ಎರಡು ಮಾದರಿ ಬೇಕು. ಒಂದು ಆಸ್ಪತ್ರೆಯಲ್ಲೇ, ಇನ್ನೊಂದು ಬೆಳಿಗ್ಗೆ ಎದ್ದ ಕೂಡಲೇ.
2. ಖಾಲಿ ಹೊಟ್ಟೆಯಲ್ಲಿ ಬರೀ ನೀರಿನಿಂದ ಬಾಯಿ ಮುಕ್ಕಳಿಸಿ. ಪೇಸ್ಟ್, ಮೌತ್‌ವಾಶ್ ಬೇಡ.
3. ಬಯಲಿಗೆ ಬನ್ನಿ, ಹತ್ತಿರ ಯಾರೂ ಇರಬಾರದು. ಬಚ್ಚಲುಮನೆಯಲ್ಲಿ ಬೇಡ.
4. ಎರಡು ಮೂರು ಸಲ ದೀರ್ಘವಾಗಿ ಉಸಿರೆಳೆದು, ಎದೆಯ ಆಳದಿಂದ ಕೆಮ್ಮಿ.
5. ಡಬ್ಬಿಯೊಳಗೇ ಉಗಿಯಿರಿ, ಹೊರಗಡೆ ಬಳಿಯಬಾರದು. ಮುಚ್ಚಳ ಬಿಗಿ ಮಾಡಿ ಅದೇ ದಿನ ತಲುಪಿಸಿ.

ಡಬ್ಬಿಯಲ್ಲಿ ನೀರಿನಂಥ ನೊರೆ ಇದ್ದರೆ ಅದು ಎಂಜಲು, ಕಫ ಅಲ್ಲ. ಗಟ್ಟಿಯಾಗಿ, ಅಂಟಂಟಾಗಿ, ಎರಡು ಮಿಲಿಲೀಟರ್‌ಗಿಂತ ಜಾಸ್ತಿ ಇರಬೇಕು. ನೆಗೆಟಿವ್ ವರದಿಗಳಲ್ಲಿ ಎಷ್ಟೋ ಬರೀ ಎಂಜಲಿನ ವರದಿಗಳು ಅಂತ ನನ್ನ ಅನುಮಾನ.

ಯಾವ ಟೆಸ್ಟ್ ಮಾಡುತ್ತಿದ್ದಾರೆ ಅಂತ ಕೇಳಿ. ಮೈಕ್ರೋಸ್ಕೋಪಿನಲ್ಲಿ ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ 5,000ದಿಂದ 10,000 ಕ್ರಿಮಿಗಳಾದರೂ ಇರಬೇಕು. ಕ್ರಿಮಿಯ ಡಿಎನ್‌ಎ ಹುಡುಕುವ ಸಿಬಿನಾಟ್ ಅಥವಾ ಟ್ರೂನಾಟ್ ಯಂತ್ರಕ್ಕೆ ಅದಕ್ಕಿಂತ ಎಷ್ಟೋ ಕಡಿಮೆ ಸಾಕು. ಒಂದೆರಡು ಗಂಟೆಯಲ್ಲಿ ಫಲಿತಾಂಶ ಬರುತ್ತದೆ, ಟಿಬಿಯ ಮುಖ್ಯ ಔಷಧಿಯಾದ ರಿಫಾಂಪಿಸಿನ್‌ಗೆ ಕ್ರಿಮಿ ಬಗ್ಗುತ್ತದೋ ಇಲ್ಲವೋ ಅನ್ನುವುದೂ ಗೊತ್ತಾಗುತ್ತದೆ. (ಟ್ರೂನಾಟ್ ರೂಪಿಸುವುದರಲ್ಲಿ ಬೆಂಗಳೂರಿನ ಲ್ಯಾಬ್ ಒಂದರ ಕೈಯಿದೆ. ನಮ್ಮೂರಿನದು ಅಂತ ಹೇಳಿಕೊಳ್ಳಬಹುದು.) ಕಲ್ಚರ್ ಅಂದರೆ ಕ್ರಿಮಿಯನ್ನು ಬೆಳೆಸಿ ನೋಡುವುದು, ಅದಕ್ಕೆ ಆರು ವಾರದ ತನಕ ಹಿಡಿಯುತ್ತದೆ.

ರಕ್ತದಲ್ಲಿ ಟಿಬಿ ಆಂಟಿಬಾಡಿ ನೋಡುವ ಟೆಸ್ಟ್ ಭಾರತದಲ್ಲಿ 2012ರಿಂದ ನಿಷೇಧ. ಯಾರಾದರೂ ಬರೆದುಕೊಟ್ಟರೆ ಮಾಡಿಸಬೇಡಿ. ಕೈಗೆ ಚುಚ್ಚುವ ಮಾಂಟೂ ಟೆಸ್ಟ್ ಕ್ರಿಮಿ ಎಂದೋ ದೇಹಕ್ಕೆ ಹೊಕ್ಕಿದೆ ಅಂತ ಹೇಳೀತು. ಈಗ ಗಂಟಲಲ್ಲಿರುವುದು ಅದೇನಾ ಅಂತ ಹೇಳಲಾರದು.

ಹಂತ 4: ಸ್ಕೋಪಿ

ಮೂಗಿನಿಂದ ತೆಳ್ಳಗಿನ ಬಾಗುವ ನಳಿಕೆ ಇಳಿಸಿ ಧ್ವನಿಪೆಟ್ಟಿಗೆಯನ್ನು ಪರದೆಯ ಮೇಲೆ ನೋಡುತ್ತಾರೆ. ಮೂಗಿಗೆ ಮರಗಟ್ಟಿಸುವ ಸ್ಪ್ರೇ ಹೊಡೆಯುತ್ತಾರೆ. ಐದು ನಿಮಿಷದ ಕೆಲಸ. ಸ್ಪ್ರೇ ಗಂಟಲಿಗೂ ಇಳಿಯುವುದರಿಂದ ಆಮೇಲೆ ಸ್ವಲ್ಪ ಹೊತ್ತು ಏನೂ ತಿನ್ನಬೇಡಿ, ಕುಡಿಯಬೇಡಿ. ಟಿಬಿ ಅನುಮಾನ ಇದೆ ಅಂತ ಮೊದಲೇ ತಿಳಿಸಿ. ನಳಿಕೆ ತಗುಲಿದರೆ ಕೆಮ್ಮು ಬರುತ್ತದೆ, ಎದುರಿಗಿರುವವರು ಎನ್95 ಹಾಕಿಕೊಳ್ಳಬೇಕು.

ಕಾಣುವುದು ಏನು? ಕೆಂಪು, ಊತ, ಹುಣ್ಣು, ಇಲ್ಲವೇ ಗಡ್ಡೆಯಂಥ ಬೆಳವಣಿಗೆ. ಒಂದೇ ಸ್ವರತಂತು ಕೆಂಪಗಿರಬಹುದು, ಎರಡೂ ಇರಬಹುದು, ಮೇಲಿನ ಮುಚ್ಚಳ ಬಾತುಕೊಂಡಿರಬಹುದು. ಇದೇ ಚಿತ್ರ ಕ್ಯಾನ್ಸರಿನಲ್ಲೂ ಇರುತ್ತದೆ. ಬರಿಗಣ್ಣಿಗೆ ಎರಡನ್ನೂ ಬೇರೆ ಮಾಡಲು ಅನುಭವಿಗಳಿಗೂ ಆಗುವುದಿಲ್ಲ. ಸ್ಕೋಪಿ ನೋಡಿದ ಕೂಡಲೇ "ಇದು ಕ್ಯಾನ್ಸರೇ" ಅಂತಲೋ "ಇದು ಟಿಬಿಯೇ" ಅಂತಲೋ ತೀರ್ಪು ಕೊಟ್ಟರೆ ನಂಬುವುದಕ್ಕೆ ಅವಸರ ಬೇಡ.

ಇನ್ನೊಂದು ಸಾಧ್ಯತೆ: ಮೇಲ್ಮೈ ನುಣುಪಾಗಿಯೇ ಇದೆ, ಆದರೆ ಒಂದು ತಂತು ಅಲುಗಾಡುತ್ತಿಲ್ಲ. ಆಗ ತೊಂದರೆ ಎದೆಯೊಳಗಿನ ಗಂಟುಗಳಲ್ಲಿ ಇರಬಹುದು. ಅವು ತಂತುವಿನ ನರವನ್ನು ಒತ್ತುತ್ತವೆ. ಎದೆಯ ಸಿಟಿ ಸ್ಕ್ಯಾನ್ ಬೇಕಾಗುತ್ತದೆ.

ಹಂತ 5: ಬಯಾಪ್ಸಿ, ಎರಡು ಬಾಟಲಿ

ಎಲ್ಲರಿಗೂ ಬಯಾಪ್ಸಿ ಬೇಕೇ? ನನ್ನ ಲೆಕ್ಕ ಹೀಗಿದೆ. ಕಫದಲ್ಲಿ ಟಿಬಿ ಸಿಕ್ಕಿದೆ, ವಯಸ್ಸು ಕಡಿಮೆ, ತಂಬಾಕು ಇಲ್ಲ, ಸ್ಕೋಪಿಯಲ್ಲಿ ಬರೀ ಕೆಂಪು ಮತ್ತು ಊತ. ಇಂಥವರಿಗೆ ಟಿಬಿ ಔಷಧಿ ಶುರು ಮಾಡಿ ಆರರಿಂದ ಎಂಟು ವಾರಕ್ಕೆ ಮತ್ತೆ ಸ್ಕೋಪಿ ಮಾಡಿ ನೋಡಬಹುದು. ಕಫ ನೆಗೆಟಿವ್ ಇದ್ದರೆ, ಗಡ್ಡೆ ಕಂಡರೆ, ಕತ್ತಿನಲ್ಲಿ ಗಂಟು ಇದ್ದರೆ, ತಂತು ಅಲುಗದಿದ್ದರೆ, ಬೀಡಿ ಸಿಗರೇಟು ಸೇದುವವರಾಗಿದ್ದರೆ ಬಯಾಪ್ಸಿಯನ್ನು ಮುಂದೂಡಬೇಡಿ. ಟಿಬಿ, ಕ್ಯಾನ್ಸರ್ ಎರಡೂ ಒಟ್ಟಿಗೆ ಇರುವುದುಂಟು.

ಸಾಮಾನ್ಯವಾಗಿ ಅರಿವಳಿಕೆ ಕೊಟ್ಟು, ಬಾಯಿಯ ಮೂಲಕ ಚೂರು ತೆಗೆಯುತ್ತಾರೆ. ಈಗ ಮುಖ್ಯ ಮಾತು. ತೆಗೆದ ಎಲ್ಲ ಚೂರುಗಳನ್ನೂ ಅಭ್ಯಾಸಬಲದಿಂದ ಫಾರ್ಮಲಿನ್ ಬಾಟಲಿಗೆ ಹಾಕಿಬಿಡುತ್ತಾರೆ. ಫಾರ್ಮಲಿನ್‌ಗೆ ಬಿದ್ದ ಕ್ರಿಮಿ ಸಾಯುತ್ತದೆ, ಸತ್ತದ್ದನ್ನು ಕಲ್ಚರ್‌ನಲ್ಲಿ ಬೆಳೆಸಲಾಗುವುದಿಲ್ಲ. "ಗ್ರ್ಯಾನುಲೋಮಾ ಬಂದಿದೆ, ಟಿಬಿ ಹೌದೋ ಅಲ್ವೋ" ಅನ್ನುವ ಪ್ರಶ್ನೆ ಹುಟ್ಟುವುದು ಇಲ್ಲೇ.

ಹಾಗಾಗಿ ಆಪರೇಷನ್‌ಗೆ ಮುಂಚೆಯೇ ಕೇಳಿ: "ಡಾಕ್ಟರೇ, ಒಂದು ಚೂರು ಸಲೈನ್‌ನಲ್ಲೂ ಕಳಿಸ್ತೀರಾ?" ಒಂದು ಬಾಟಲಿ ಫಾರ್ಮಲಿನ್, ಅದು ಪೆಥಾಲಜಿಗೆ. ಇನ್ನೊಂದು ಬಾಟಲಿ ಶುದ್ಧ ಸಲೈನ್, ಅದು ಸಿಬಿನಾಟ್ ಮತ್ತು ಕಲ್ಚರ್‌ಗೆ, ಅದೇ ದಿನ. ಎರಡರ ಮೇಲೂ ಹೆಸರು, ತಾರೀಖು, ತೆಗೆದ ಜಾಗ ಇರಲಿ. ಈ ಒಂದು ಪ್ರಶ್ನೆಯಿಂದ ಎರಡನೇ ಬಯಾಪ್ಸಿ ತಪ್ಪಬಹುದು.

ವರದಿ ಓದುವಾಗ ಮೂರು ಸಂಗತಿ ಗಮನಿಸಿ. "ಕೇಸಿಯೇಟಿಂಗ್ ಗ್ರ್ಯಾನುಲೋಮಾ" (ನಡುಭಾಗ ಸತ್ತು ಗಿಣ್ಣಿನಂತಾದ ಗ್ರ್ಯಾನುಲೋಮಾ) ಅಂತಿದ್ದರೆ ನಮ್ಮ ದೇಶದಲ್ಲಿ ಟಿಬಿಯ ಕಡೆಗೆ ಬಲವಾದ ಸಾಕ್ಷಿ. ಬರೀ "ಗ್ರ್ಯಾನುಲೋಮಾ" ಅಂತಿದ್ದರೆ ಶಿಲೀಂಧ್ರ, ಸಾರ್ಕಾಯ್ಡ್, ಕುಷ್ಠ, ಸಿಫಿಲಿಸ್ ಕೂಡ ಇರಬಹುದು, ಸಲೈನ್ ಬಾಟಲಿಯ ಫಲಿತಾಂಶಕ್ಕೆ ಕಾಯಬೇಕು. ಮೇಲ್ಪದರದ ಚೂರು ಮಾತ್ರ ಬಂದಿದ್ದರೆ ಅದು ಕ್ಯಾನ್ಸರಿನಂತೆ ಕಂಡು ದಾರಿ ತಪ್ಪಿಸಬಹುದು. ಸ್ಕೋಪಿಯಲ್ಲಿ ಕಂಡದ್ದಕ್ಕೂ ವರದಿಗೂ ತಾಳೆಯಾಗದಿದ್ದರೆ ಆಳದಿಂದ ಮತ್ತೊಂದು ಚೂರು ತೆಗೆಯುವುದೇ ಸರಿ.

ಹಂತ 6: ಮೊದಲ ಮಾತ್ರೆಗೆ ಮುಂಚೆ

ಎಚ್‌ಐವಿ, ರಕ್ತದ ಸಕ್ಕರೆ, ಲಿವರ್ ಟೆಸ್ಟ್, ತೂಕ. ಇಷ್ಟು ಆಗಿರಲಿ. ಗರ್ಭಿಣಿಯಾಗಿದ್ದರೆ, ದಿನಾ ಕುಡಿಯುವ ಅಭ್ಯಾಸ ಇದ್ದರೆ ಹೇಳಿ. ರಿಫಾಂಪಿಸಿನ್ ಬೇರೆ ಔಷಧಿಗಳ ಬಲ ಕುಗ್ಗಿಸುತ್ತದೆ: ಗರ್ಭನಿರೋಧಕ ಮಾತ್ರೆ, ರಕ್ತ ತೆಳುವಾಗಿಸುವ ವಾರ್ಫರಿನ್, ಕೆಲವು ಸಕ್ಕರೆ ಮಾತ್ರೆಗಳು. ಇವನ್ನು ತೆಗೆದುಕೊಳ್ಳುತ್ತಿದ್ದರೆ ಬದಲಾವಣೆ ಬೇಕಾಗುತ್ತದೆ.

ಟಿಬಿ ರೋಗಿಗಳನ್ನು ದಾಖಲಿಸುವ ಸರ್ಕಾರಿ ಪೋರ್ಟಲ್ ನಿಕ್ಷಯ್‌ನಲ್ಲಿ ಹೆಸರು ದಾಖಲಾಗಬೇಕು. ಖಾಸಗಿ ಡಾಕ್ಟರ ಹತ್ತಿರ ತೋರಿಸಿದರೂ ಇದು ಕಡ್ಡಾಯ. ದಾಖಲಾದರೆ ಸರ್ಕಾರಿ ಮಾತ್ರೆ ಸಿಗುತ್ತದೆ, ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. 2024ರ ನವೆಂಬರ್‌ಗೆ ಮುಂಚೆ ಅದು 500 ಇತ್ತು. ಪಾಸ್‌ಬುಕ್ ಇಟ್ಟುಕೊಳ್ಳಿ ಅಂದದ್ದು ಇದಕ್ಕೇ. ಎಲ್ಲಿ ಹೋಗಬೇಕು ಗೊತ್ತಾಗದಿದ್ದರೆ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಇಲ್ಲವೇ 1800-11-6666ಕ್ಕೆ ಫೋನ್ ಮಾಡಿ.

ಹಂತ 7: ಆರು ತಿಂಗಳ ಮಾತ್ರೆ

ಔಷಧಿಗೆ ಬಗ್ಗುವ ಟಿಬಿಯಾದರೆ ಮೊದಲ ಎರಡು ತಿಂಗಳು ನಾಲ್ಕು ಔಷಧಿ: ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಎಥಾಂಬುಟಾಲ್. ಆಮೇಲಿನ ನಾಲ್ಕು ತಿಂಗಳು ಪೈರಜಿನಮೈಡ್ ಬಿಟ್ಟು ಉಳಿದ ಮೂರು. ಎಲ್ಲವೂ ಒಂದೇ ಮಾತ್ರೆಯಲ್ಲಿ ಸೇರಿರುತ್ತವೆ. ದಿನಕ್ಕೆ ಎಷ್ಟು ಮಾತ್ರೆ ಅನ್ನುವುದು ತೂಕದ ಮೇಲೆ. ತೂಕ ಏರಿದರೆ ಲೆಕ್ಕ ಬದಲಾಗಬಹುದು, ಪ್ರತಿ ತಿಂಗಳು ತೂಗಿಸಿ. ಸಿಬಿನಾಟ್‌ನಲ್ಲಿ ರಿಫಾಂಪಿಸಿನ್‌ಗೆ ಬಗ್ಗುವುದಿಲ್ಲ ಅಂತ ಬಂದಿದ್ದರೆ ಈ ಮಾತ್ರೆಗಳು ಸಾಲವು. ಅದರ ಚಿಕಿತ್ಸೆಯೇ ಬೇರೆ, ಜಿಲ್ಲಾ ಕ್ಷಯರೋಗ ಕೇಂದ್ರದ ಮೂಲಕ ಶುರುವಾಗುತ್ತದೆ.

ದಿನಾ ಒಂದೇ ಹೊತ್ತಿಗೆ, ಎಲ್ಲ ಮಾತ್ರೆ ಒಟ್ಟಿಗೆ, ಆದಷ್ಟು ಖಾಲಿ ಹೊಟ್ಟೆಯಲ್ಲಿ. ವಾಕರಿಕೆ ತಡೆಯಲಾಗದಿದ್ದರೆ ಸ್ವಲ್ಪ ತಿಂಡಿಯ ಜೊತೆ ತೆಗೆದುಕೊಳ್ಳಿ. ಬಿಡುವುದಕ್ಕಿಂತ ಅದು ಮೇಲು. ನುಂಗಲು ನೋವಿದ್ದರೆ ಡಾಕ್ಟರಿಗೆ ಹೇಳಿ. ನೀವೇ ನಾಲ್ಕರಲ್ಲಿ ಎರಡು ನುಂಗಿ ಎರಡು ಬಿಡಬೇಡಿ.

ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಇದು ರಿಫಾಂಪಿಸಿನ್ ಬಣ್ಣ, ರಕ್ತವಲ್ಲ. ಇದನ್ನು ಮೊದಲೇ ಹೇಳದಿದ್ದರೆ ಹೆದರಿ ಮಾತ್ರೆ ಬಿಡುವವರಿದ್ದಾರೆ. ಕೈಕಾಲು ಜುಮ್ಮೆಂದರೆ ಪಿರಿಡಾಕ್ಸಿನ್ (ವಿಟಮಿನ್ ಬಿ6) ಬೇಕಾಗಬಹುದು. ಕೀಲು ನೋವಿಗೂ ಪರಿಹಾರ ಇದೆ.

ಆದರೆ ಎರಡು ಕಡೆ ಮಾತ್ರೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಒಂದು, ಕಣ್ಣಿನ ಬಿಳಿಭಾಗ ಹಳದಿಯಾಗುವುದು, ನಿಲ್ಲದ ವಾಂತಿ, ಊಟ ಕಂಡರೆ ಅಸಹ್ಯ. ಅದು ಲಿವರ್ ಸೋಲುತ್ತಿರುವ ಗುರುತು. ಎರಡು, ದೃಷ್ಟಿ ಮಂಜಾಗುವುದು, ಕೆಂಪು ಹಸಿರು ಬಣ್ಣ ಗೊತ್ತಾಗದಿರುವುದು. ಅದು ಎಥಾಂಬುಟಾಲ್‌ನಿಂದ.

ಊತ ಜಾಸ್ತಿಯಾಗಿ ಉಸಿರಿಗೆ ಅಡ್ಡಿಯಾದರೆ ಡಾಕ್ಟರು ಕೆಲವು ದಿನ ಸ್ಟಿರಾಯ್ಡ್ ಕೊಡಬಹುದು. ಹಂತ 2ಕ್ಕೆ ಇದು ವಿರುದ್ಧವಲ್ಲ. ಈಗ ಟಿಬಿ ಮಾತ್ರೆಯ ಕಾವಲಿದೆ, ಆಗ ಇರಲಿಲ್ಲ.

ಹಂತ 8: ಮನೆಯಲ್ಲಿ

ಸರಿಯಾದ ಔಷಧಿ ಶುರುವಾಗಿ ಸುಮಾರು ಎರಡು ವಾರಕ್ಕೆ ಹರಡುವ ಶಕ್ತಿ ಬಹಳ ಇಳಿಯುತ್ತದೆ. ಅಲ್ಲಿಯ ತನಕ ಬೇರೆ ಕೋಣೆ, ತೆರೆದ ಕಿಟಕಿ, ಮಾಸ್ಕ್. ತಟ್ಟೆ ಲೋಟ ಬೇರೆ ಮಾಡುವುದು ಬೇಡ. ಟಿಬಿ ತಟ್ಟೆಯಿಂದ ಬರುವುದಿಲ್ಲ, ಗಾಳಿಯಿಂದ ಬರುತ್ತದೆ. ತಟ್ಟೆ ಬೇರೆ ಮಾಡಿ ಕಿಟಕಿ ಮುಚ್ಚಿಡುವ ಮನೆಗಳನ್ನು ನೋಡಿದಾಗ ಏನು ಹೇಳಬೇಕೋ ತೋಚುವುದಿಲ್ಲ. ಮನೆಯವರೆಲ್ಲರನ್ನೂ ಪರೀಕ್ಷೆ ಮಾಡಿಸಿ. ಕಾಯಿಲೆ ಇಲ್ಲ ಅಂತ ಖಚಿತವಾದ ಮೇಲೆ ಅವರಿಗೆ ತಡೆ ಔಷಧಿಯೂ ಸಿಗುತ್ತದೆ.

ನುಂಗಲು ನೋವಿರುವ ದಿನಗಳಲ್ಲಿ ರಾಗಿ ಗಂಜಿ, ಮೊಸರನ್ನ, ಮೆತ್ತಗಿನ ಇಡ್ಲಿ, ಬೇಯಿಸಿ ಮಸೆದ ಬೇಳೆ, ಮೊಟ್ಟೆ. ಖಾರ, ಹುಳಿ ಸ್ವಲ್ಪ ದಿನ ದೂರ. ನೀರು ಕುಡಿದಾಗಲೆಲ್ಲ ನೆತ್ತಿಗೇರಿ ಕೆಮ್ಮು ಬರುತ್ತಿದ್ದರೆ ಇಎನ್‌ಟಿಯವರಿಗೆ ತಿಳಿಸಿ.

ದನಿಗೆ ವಿಶ್ರಾಂತಿ ಅಂದರೆ ಪಿಸುಗುಟ್ಟುವುದಲ್ಲ. ಒತ್ತಿ ಒತ್ತಿ ಪಿಸುಗುಟ್ಟಿದರೆ ಧ್ವನಿಪೆಟ್ಟಿಗೆಗೆ ಶ್ರಮ ಜಾಸ್ತಿ. ಮೆಲ್ಲಗೆ, ಸಹಜ ದನಿಯಲ್ಲಿ, ಕಡಿಮೆ ಮಾತಾಡಿ. ಬೀಡಿ, ಕುಡಿತ ಎರಡೂ ನಿಲ್ಲಲೇಬೇಕು.

ಹಂತ 9: ಮತ್ತೆ ನೋಡಿಸುವ ದಿನಗಳು

ಕೆಲವು ವಾರಗಳಲ್ಲಿ ನೋವು ಇಳಿಯುತ್ತದೆ, ಹಸಿವು ಬರುತ್ತದೆ, ದನಿ ತಿಳಿಯಾಗುತ್ತದೆ. ಮಾತ್ರೆ ಬಿಡುವುದೂ ಸಾಮಾನ್ಯವಾಗಿ ಆಗಲೇ. ದನಿ ಬಂದದ್ದು ಊತ ಇಳಿದದ್ದರ ಗುರುತು, ಕ್ರಿಮಿ ಮುಗಿದದ್ದರ ಗುರುತಲ್ಲ.

ಎರಡು ತಿಂಗಳ ಹೊತ್ತಿಗೆ ಕಫ ಮತ್ತು ಸ್ಕೋಪಿ ಮತ್ತೊಮ್ಮೆ ಆಗಬೇಕು. ಇಲ್ಲಿ ಸಿಬಿನಾಟ್ ಮಾಡಿಸಬೇಡಿ. ಅದು ಸತ್ತ ಕ್ರಿಮಿಯನ್ನೂ ಹಿಡಿದು ಪಾಸಿಟಿವ್ ತೋರಿಸಿ ಸುಮ್ಮನೆ ಗಾಬರಿ ಮಾಡುತ್ತದೆ. ಮೈಕ್ರೋಸ್ಕೋಪ್, ಕಲ್ಚರ್ ಸಾಕು. ಹುಣ್ಣು ಅಥವಾ ಗಡ್ಡೆ ಕರಗದೆ ಹಾಗೇ ಇದ್ದರೆ ಕೇಳಬೇಕಾದ ಪ್ರಶ್ನೆ ಮೂರು: ಮಾತ್ರೆ ನಿಜವಾಗಿ ದಿನಾ ಹೊಟ್ಟೆಗೆ ಹೋಗಿದೆಯಾ, ಕ್ರಿಮಿ ಔಷಧಿಗೆ ಬಗ್ಗದ್ದಾ, ಅಥವಾ ಅಡಿಯಲ್ಲಿ ಕ್ಯಾನ್ಸರ್ ಇದೆಯಾ? ಮೂರನೆಯದಕ್ಕೆ ಉತ್ತರ ಹೊಸ ಬಯಾಪ್ಸಿಯಿಂದ ಮಾತ್ರ ಸಿಗುತ್ತದೆ.

ಆರನೇ ತಿಂಗಳಲ್ಲಿ ಕೊನೆಯ ಕಫ ಪರೀಕ್ಷೆ, ಕೊನೆಯ ಸ್ಕೋಪಿ. ಆಮೇಲೂ ಎರಡು ವರ್ಷ, ಆರು ತಿಂಗಳಿಗೊಮ್ಮೆ ತೋರಿಸಿಕೊಳ್ಳಿ.

ಕೆಲವರಿಗೆ ಟಿಬಿ ಪೂರ್ತಿ ವಾಸಿಯಾದರೂ ದನಿ ಒರಟಾಗಿಯೇ ಉಳಿಯುತ್ತದೆ. ಹುಣ್ಣು ಮಾಗಿದ ಜಾಗದಲ್ಲಿ ಗಾಯದ ಕಲೆ ಗಟ್ಟಿಯಾಗಿ ತಂತುವನ್ನು ಬಿಗಿಹಿಡಿದಿರುತ್ತದೆ. ಅದಕ್ಕೆ ಟಿಬಿ ಮಾತ್ರೆ ಮುಂದುವರಿಸಿ ಪ್ರಯೋಜನವಿಲ್ಲ, ವಾಯ್ಸ್ ಥೆರಪಿ ಬೇಕು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಈ ಚಿಕಿತ್ಸೆ ಇದೆ. ಹೋಗುವಾಗ ಕೊನೆಯ ಸ್ಕೋಪಿಯ ವಿಡಿಯೋ ಫೋನಿನಲ್ಲಿ ಹಾಕಿಸಿಕೊಂಡು ಹೋಗಿ. ಮೆಟ್ಟಿಲು ಹತ್ತುವಾಗ ಉಸಿರಿನಲ್ಲಿ ಸದ್ದು ಶುರುವಾದರೆ ಮಾತ್ರ ಥೆರಪಿಗೆ ಕಾಯಬೇಡಿ. ಕಲೆ ಗಾಳಿಯ ದಾರಿಯನ್ನೇ ಕಿರಿದು ಮಾಡುತ್ತಿರಬಹುದು, ಇಎನ್‌ಟಿ ಸರ್ಜನ್ ಅದೇ ವಾರ ನೋಡಬೇಕು.